ಬೀಗ ಹಾಕಿದ ಹಾರ್ಡ್‌ಡಿಸ್ಕ್ ಕಾಣ್ತಾ ಇಲ್ಲ: ಹೊನ್ನಾವರದ ಭಾವನಿಗೆ ಉತ್ತರ

ಭಾವ, ನಿಮ್ಮ ಪೋಸ್ಟನ್ನು ನಿನ್ನೆ ರಾತ್ರಿಯೇ ನೋಡಿದೆ. ಶಿರಸಿಯಲ್ಲಿ ಸಂಜೆಯಿಂದ ಕರೆಂಟ್ ಇರಲಿಲ್ಲ, ಹಾಗಾಗಿ ಈಗ ಬರೀತಾ ಇದ್ದೇನೆ. ಮೊದಲು ಒಂದು ಮಾತು. ವಿಂಡೋಸ್ "ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು" ಅಂತ ಎಷ್ಟು ಸಲ ಕೇಳಿದರೂ ಕ್ಯಾನ್ಸಲ್ ಒತ್ತಿ. ಮೇಲೆ ಒಬ್ಬರು "ಫಾರ್ಮ್ಯಾಟ್ ಮಾಡಿ, ಆಮೇಲೆ ರಿಕವರಿ ಸಾಫ್ಟ್‌ವೇರ್ ಓಡಿಸಿ" ಅಂದಿದ್ದಾರೆ. ಮಾಮೂಲಿ ಪೆನ್‌ಡ್ರೈವಿಗೆ ಅದು ನಡೆದೀತು. ಬೀಗ ಹಾಕಿದ, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದ ಹಾಗೆ ಎನ್‌ಕ್ರಿಪ್ಟ್ ಮಾಡಿದ ಡಿಸ್ಕಿನಲ್ಲಿ ಆ ಸಾಫ್ಟ್‌ವೇರಿಗೆ ಕಾಣುವುದು ಬರೀ ಕಲಸುಮೇಲೋಗರ. ಒಂದು ಪದ್ಯವೂ ಸಿಗುವುದಿಲ್ಲ.

ಹೊಸದಾಗಿ ಓದುವವರಿಗೆ ವಿಷಯ ಇಷ್ಟು. ಭಾವನ ಹತ್ತಿರ 2 ಟಿಬಿ ಡಿಸ್ಕಿನ ತುಂಬ ಹಳೇ ತಾಳಮದ್ದಳೆ, ಯಕ್ಷಗಾನ ಆಟದ ರೆಕಾರ್ಡಿಂಗ್ ಇದೆ. ಬೆಂಗಳೂರಿನಲ್ಲಿರುವ ಮಗ ಅದಕ್ಕೆ ವೆರಾಕ್ರಿಪ್ಟ್ ಅನ್ನುವ ಪ್ರೋಗ್ರಾಮಿನಲ್ಲಿ ಬೀಗ ಹಾಕಿಕೊಟ್ಟಿದ್ದಾನೆ. ಪಾಸ್‌ವರ್ಡ್ ಡೈರಿಯಲ್ಲಿದೆ. ಈಗ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಹಾಕಿಸಿದ ಮೇಲೆ ಡಿಸ್ಕಿನ ಲೈಟ್ ಹೊತ್ತುತ್ತದೆ, ಫೈಲ್ ಮ್ಯಾನೇಜರಿನ ಎಡಗಡೆ ಪಟ್ಟಿಯಲ್ಲಿ ಮಾತ್ರ ಏನೂ ಬರುವುದಿಲ್ಲ. ವಿಂಡೋಸ್ ಲ್ಯಾಪ್‌ಟಾಪಿಗೆ ಹಾಕಿದರೆ ಫಾರ್ಮ್ಯಾಟ್ ಮಾಡು ಅನ್ನುತ್ತದೆ.

ಇದು ಡಿಸ್ಕ್ ಹಾಳಾದ ಲಕ್ಷಣ ಅಲ್ಲ. ಫೈಲ್ ಮ್ಯಾನೇಜರ್ ಒಂದು ವಾಲ್ಯೂಮನ್ನು (ಡಿಸ್ಕನ್ನೋ ಅದರ ಒಂದು ಭಾಗವನ್ನೋ) ತೋರಿಸಬೇಕಾದರೆ ಅದರ ಮೇಲೆ ಏನಾದರೂ ಗುರುತು ಬೇಕು. ಇದು ವಿಂಡೋಸಿನ ಎನ್‌ಟಿಎಫ್‌ಎಸ್, ಇದು ಲಿನಕ್ಸಿನ ಎಕ್ಸ್‌ಟಿ4 ಅಂತ, ಫೈಲ್ ಜೋಡಿಸಿಡುವ ರೀತಿಯ ಹೆಸರು. ಲಿನಕ್ಸಿನದೇ ಆದ ಲಕ್ಸ್ ಬೀಗಕ್ಕೂ ಅಂಥ ಗುರುತು ಇದೆ, ಅದಕ್ಕೇ ಲಕ್ಸ್ ಡಿಸ್ಕ್ ಚುಚ್ಚಿದ ಕೂಡಲೇ ಪಾಸ್‌ವರ್ಡ್ ಕೇಳುತ್ತದೆ. ವಿಂಡೋಸಿನ ಬಿಟ್‌ಲಾಕರ್‌ದೂ ಹಾಗೇ. ವೆರಾಕ್ರಿಪ್ಟ್ ಬೇಕಂತಲೇ ಗುರುತು ಬಿಡುವುದಿಲ್ಲ. ಮೊದಲ ಬೈಟಿನಿಂದಲೇ ಎಲ್ಲ ಕಸದ ಹಾಗೆ ಕಾಣಬೇಕು, ಇಲ್ಲಿ ಬೀಗ ಇದೆ ಅಂತಲೂ ಯಾರಿಗೂ ಗೊತ್ತಾಗಬಾರದು ಅನ್ನುವುದೇ ಅದರ ಲೆಕ್ಕ. ಪಾಪ, ಮಿಂಟ್ ಆದರೂ ಏನು ತೋರಿಸಬೇಕು?

ಈಗ ಕೆಲಸಕ್ಕೆ ಬರುವ. ಮೆನುವಿನಲ್ಲಿ 'ಡಿಸ್ಕ್ಸ್' ಅಂತ ಒಂದು ಪ್ರೋಗ್ರಾಂ ಇದೆ, ಅದನ್ನು ತೆಗೆಯಿರಿ. ಎಡಗಡೆ 2 ಟಿಬಿ ಡಿಸ್ಕ್ ಕಾಣಬೇಕು, ಬಲಗಡೆ 'ಅನ್‌ನೋನ್' ಅಂತ ಒಂದು ಪಟ್ಟೆ. ಅಷ್ಟು ಕಂಡರೆ ನಿರಾಳವಾಗಿ ಕವಳ ಹಾಕಿ, ಅರ್ಧ ಕೆಲಸ ಆಯಿತು. ಅಲ್ಲೂ ಕಾಣದಿದ್ದರೆ ಬೀಗದ ಚಿಂತೆ ಆಮೇಲೆ, ಮೊದಲು ಕೇಬಲ್ ನೋಡಿ. ನಿಮ್ಮ ಕಡೆಯ ಉಪ್ಪುಗಾಳಿಗೆ ಯುಎಸ್‌ಬಿ ಪಿನ್ನು ಕಿಲುಬು ಹಿಡಿಯುತ್ತದೆ. ಆಗ ಕರೆಂಟ್ ಹರಿದು ಲೈಟ್ ಹೊತ್ತುತ್ತದೆ, ಡೇಟಾ ಮಾತ್ರ ಬರುವುದಿಲ್ಲ. ಬೇರೆ ಕೇಬಲ್ ಹಾಕಿ. ಹಬ್ ಬಿಟ್ಟು ಲ್ಯಾಪ್‌ಟಾಪಿನ ನೀಲಿ ಪೋರ್ಟಿಗೇ ಚುಚ್ಚಿ. ಹಳೇ ಯುಎಸ್‌ಬಿ 2 ಪೋರ್ಟ್ ಕೊಡುವುದು 500 ಮಿಲಿಆಂಪ್, 3ರದ್ದು 900. ತಿರುಗುವ ಡಿಸ್ಕಿಗೆ 500 ಕೆಲವು ಸಲ ಸಾಲುವುದಿಲ್ಲ, ಟಿಕ್ ಟಿಕ್ ಅಂದು ನಿಂತುಬಿಡುತ್ತದೆ.

ಪಟ್ಟೆ ಕಂಡಿತು ಅಂತ ಇಟ್ಟುಕೊಳ್ಳಿ. ವೆರಾಕ್ರಿಪ್ಟನ್ನು ಅದರ ಸ್ವಂತ ವೆಬ್‌ಸೈಟಿನಿಂದ ಇಳಿಸಿ ಹಾಕಿ. ತೆಗೆದು 'ಸೆಲೆಕ್ಟ್ ಡಿವೈಸ್' ಒತ್ತಿ. 'ಸೆಲೆಕ್ಟ್ ಫೈಲ್' ಅಲ್ಲ, ಅದು ಫೈಲಿನ ರೂಪದಲ್ಲಿ ಮಾಡಿದ ಬೀಗಕ್ಕೆ. ಪಟ್ಟಿಯಲ್ಲಿ ಗಾತ್ರ ನೋಡಿ ನಿಮ್ಮದನ್ನು ಆರಿಸಿ. ಡಿಸ್ಕಿನೊಳಗೆ ಪಾರ್ಟಿಶನ್ (ಬೇರೆ ಮಾಡಿದ ಭಾಗ) ಕಂಡರೆ ಮೊದಲು ಪಾರ್ಟಿಶನ್, ಅದು ಆಗದಿದ್ದರೆ ಇಡೀ ಡಿಸ್ಕ್. 2 ಟಿಬಿ ಡಿಸ್ಕ್ ಸುಮಾರು 1.8 ಅಂತ ಕಾಣಬಹುದು, ಗಾಬರಿ ಬೇಡ, ಅದು ಲೆಕ್ಕ ಹಾಕುವ ರೀತಿಯ ವ್ಯತ್ಯಾಸ. ಆಮೇಲೆ 'ಮೌಂಟ್' ಒತ್ತಿ, ಅಂದರೆ ಬೀಗ ತೆಗೆದು ಫೋಲ್ಡರಿನ ಹಾಗೆ ಜೋಡಿಸು ಅಂತ.

ಇಲ್ಲಿ ಎರಡು ಸಲ ಪಾಸ್‌ವರ್ಡ್ ಕೇಳುತ್ತದೆ, ಬಹಳ ಜನ ಎಡವುವುದು ಇಲ್ಲೇ. ಒಂದು ಡಿಸ್ಕಿನದು, ಡೈರಿಯಲ್ಲಿರುವುದು. ಇನ್ನೊಂದು ನಿಮ್ಮ ಮಿಂಟಿನ ಲಾಗಿನ್ ಪಾಸ್‌ವರ್ಡ್, ಅಡ್ಮಿನಿಸ್ಟ್ರೇಟರ್ ಅಂತ ಕೇಳುವುದು ಅದನ್ನೇ. ನಮ್ಮ ಮನೆಯಲ್ಲಿ ಅಣ್ಣ ಎರಡು ಕಡೆಯೂ ಡಿಸ್ಕಿನದೇ ಹಾಕಿ ಒಂದು ಮಧ್ಯಾಹ್ನ ಕಳೆದ. ಮತ್ತೆ, ಕನ್ನಡ ಕೀಬೋರ್ಡ್ ಆನ್ ಆಗಿದ್ದರೆ ನೀವು ಒತ್ತಿದ್ದು ಕನ್ನಡ ಅಕ್ಷರವಾಗಿ ಹೋಗುತ್ತದೆ, ಮೇಲೆ ಬರೀ ಚುಕ್ಕಿ ಕಾಣುವುದರಿಂದ ಗೊತ್ತೇ ಆಗುವುದಿಲ್ಲ. 'ಡಿಸ್‌ಪ್ಲೇ ಪಾಸ್‌ವರ್ಡ್' ಟಿಕ್ ಮಾಡಿ ಕಣ್ಣಲ್ಲಿ ನೋಡಿಕೊಂಡೇ ಹೊಡೆಯಿರಿ. ಮಗನ ಹತ್ತಿರ "ಪಿಮ್ ನಂಬರ್ ಇಟ್ಟಿದ್ದೀಯಾ?" ಅಂತ ಒಂದು ಮಾತು ಕೇಳಿ. ಅದು ಪಾಸ್‌ವರ್ಡಿನ ಜೊತೆ ಇಡಬಹುದಾದ ಒಂದು ಸಂಖ್ಯೆ, ಇಟ್ಟಿದ್ದರೆ ಅದೂ ಬೇಕು. ಅದನ್ನು ಹಾಕದಿದ್ದರೆ ಪಾಸ್‌ವರ್ಡ್ ಸರಿ ಇದ್ದರೂ ತಪ್ಪು ಅನ್ನುತ್ತದೆ.

ಓಕೆ ಒತ್ತಿದ ಮೇಲೆ ಸುಮ್ನೆ ಕಾಯಿರಿ. ಮಾಮೂಲಿ ಸೆಟ್ಟಿಂಗಿನಲ್ಲೇ ಅದು ಕೀ ತಯಾರಿಸಲು ಒಂದೇ ಲೆಕ್ಕವನ್ನು 5 ಲಕ್ಷ ಸಲ ಮಾಡುತ್ತದೆ, ಯಾವ ವಿಧಾನ ಅಂತ ಗೊತ್ತಿಲ್ಲದ್ದರಿಂದ ಒಂದೊಂದನ್ನೂ ಪ್ರಯತ್ನಿಸುತ್ತದೆ. ಹಳೇ ಲ್ಯಾಪ್‌ಟಾಪಿನಲ್ಲಿ ಇದಕ್ಕೆ ಹೊತ್ತು ಹಿಡಿಯುತ್ತದೆ. ಹ್ಯಾಂಗ್ ಆಯಿತು ಅಂತ ಪವರ್ ಬಟನ್ ಒತ್ತಬೇಡಿ.

ತೆರೆದರೆ ಎಡಗಡೆ ಪಟ್ಟಿಯಲ್ಲಿ ತಾನಾಗಿ ಬರುತ್ತದೆ. ಬರದಿದ್ದರೆ ವೆರಾಕ್ರಿಪ್ಟಿನಲ್ಲಿ ಆ ಸಾಲಿನ ಮೇಲೆ ಡಬಲ್ ಕ್ಲಿಕ್ ಮಾಡಿ, ಫೋಲ್ಡರ್ ತೆರೆಯುತ್ತದೆ. ಅದು 'ಮೀಡಿಯಾ' ಫೋಲ್ಡರಿನೊಳಗೆ 'ವೆರಾಕ್ರಿಪ್ಟ್1' ಅಂತ ಕೂತಿರುತ್ತದೆ.

ಮಗ ಬೀಗ ಹಾಕಿದ್ದು ಯಾವಾಗ ಅಂತ ನೀವು ಹೇಳಿಲ್ಲ. 2014ಕ್ಕಿಂತ ಮುಂಚೆ ಆಗಿದ್ದರೆ ಅದು ವೆರಾಕ್ರಿಪ್ಟಿಗೆ ಮೂಲವಾದ ಹಳೇ ಪ್ರೋಗ್ರಾಂ ಟ್ರೂಕ್ರಿಪ್ಟ್ ಇರಬಹುದು, ಆಗ ಎಲ್ಲರೂ ಹಾಕುತ್ತಿದ್ದದ್ದು ಅದನ್ನೇ. ಅದು 2014ರ ಮೇ ತಿಂಗಳಲ್ಲಿ ನಿಂತುಹೋಯಿತು. ವೆರಾಕ್ರಿಪ್ಟ್ 1.26ರಿಂದ ಈಚೆಗಿನದು ಟ್ರೂಕ್ರಿಪ್ಟಿನ ಬೀಗ ತೆಗೆಯುವುದಿಲ್ಲ. 1.25.9 ಹಾಕಿ, 'ಟ್ರೂಕ್ರಿಪ್ಟ್ ಮೋಡ್' ಟಿಕ್ ಮಾಡಿ. ತೆರೆದ ಮೇಲೆ ರೆಕಾರ್ಡಿಂಗನ್ನೆಲ್ಲ ಹೊಸ ಡಿಸ್ಕಿಗೆ ಕಾಪಿ ಮಾಡಿಬಿಡಿ.

ಫಾರ್ಮ್ಯಾಟ್ ಬೇಡ ಅಂತ ಇಷ್ಟು ಬಡಕೊಳ್ಳುವುದು ಯಾಕೆ ಅಂದರೆ, ನಾನೇ ಅದಕ್ಕಿಂತ ಸ್ವಲ್ಪ ಕಡಿಮೆಯದೊಂದು ತಪ್ಪು ಮಾಡಿದ್ದೇನೆ. ಇಡೀ ಡಿಸ್ಕಿಗೆ ಬೀಗ ಹಾಕಿದ್ದೆ. ವಿಂಡೋಸಿನಲ್ಲಿ 'ಇನಿಶಿಯಲೈಸ್ ಡಿಸ್ಕ್' ಅಂತ ಬಂತು, ನಿದ್ದೆಗಣ್ಣಲ್ಲಿ ಎಂಬಿಆರ್ (ಡಿಸ್ಕಿನ ಭಾಗಗಳ ಪಟ್ಟಿ ಬರೆದಿಡುವ ಹಳೇ ರೀತಿ) ಆರಿಸಿ ಓಕೆ ಒತ್ತಿದೆ. ಮಾರನೇ ದಿನದಿಂದ ಪಾಸ್‌ವರ್ಡ್ ತಪ್ಪು. ಆಗಿದ್ದೇನು ಅಂದರೆ, ವೆರಾಕ್ರಿಪ್ಟಿನ ಕೀ ಇರುವ ಹೆಡರ್ ಡಿಸ್ಕಿನ ಮೊದಲ 512 ಬೈಟಿನಲ್ಲಿ ಇರುತ್ತದೆ. ಎಂಬಿಆರ್ ಹೋಗಿ ಕೂತದ್ದೂ ಅಲ್ಲೇ. ಪುಣ್ಯಕ್ಕೆ ವೆರಾಕ್ರಿಪ್ಟ್ ಆ ಹೆಡರಿನ ಇನ್ನೊಂದು ಪ್ರತಿಯನ್ನು ವಾಲ್ಯೂಮಿನ ಕೊನೆಯಲ್ಲಿ ಇಟ್ಟಿರುತ್ತದೆ. 'ರಿಸ್ಟೋರ್ ವಾಲ್ಯೂಮ್ ಹೆಡರ್', ಅದರಲ್ಲಿ 'ವಾಲ್ಯೂಮಿನೊಳಗಿನ ಬ್ಯಾಕಪ್' ಆರಿಸಿದೆ, ಡಿಸ್ಕ್ ತೆರೆಯಿತು. ಲಕ್ಸ್ ಹಾಕಿದವರಿಗೆ ಹೀಗೆ ಕೊನೆಯಲ್ಲೊಂದು ಪ್ರತಿ ಇರುವ ಪುಣ್ಯ ಇಲ್ಲ. ಅದರ ಹೆಡರ್ ಪೂರ್ತಿ ಶುರುವಿನಲ್ಲೇ ಇರುತ್ತದೆ. ಅದರ ಬ್ಯಾಕಪ್ಪನ್ನು ನೀವೇ ತೆಗೆದು ಬೇರೆ ಪೆನ್‌ಡ್ರೈವಿನಲ್ಲಿ ಇಡಬೇಕು.

ಇನ್ನು ಕಾರವಾರದವರು ಕೆಳಗೆ ಕೇಳಿದ್ದು: "ನಂದು ಲಕ್ಸ್. ಪಾಸ್‌ವರ್ಡ್ ತಗೊಳ್ಳುತ್ತದೆ, ಟರ್ಮಿನಲ್ಲಿನಲ್ಲಿ ಫೈಲು ಕಾಣುತ್ತದೆ, ಫೈಲ್ ಮ್ಯಾನೇಜರಿನಲ್ಲಿ ಮಾತ್ರ ಇಲ್ಲ." ನಿಮ್ಮದು ಬೇರೆ ಕಥೆ. ನೀವು ಅದನ್ನು ಎಫ್‌ಎಸ್‌ಟ್ಯಾಬಿನಲ್ಲಿ (ಆನ್ ಆಗುವಾಗ ಯಾವ ಡಿಸ್ಕನ್ನು ಎಲ್ಲಿ ಜೋಡಿಸಬೇಕು ಅಂತ ಬರೆದಿಡುವ ಫೈಲ್) ಬರೆದು ಎಂಎನ್‌ಟಿ ಫೋಲ್ಡರಿನಲ್ಲಿ ಮೌಂಟ್ ಮಾಡಿದ್ದೀರಿ, ಅಲ್ವಾ? ಎಡಗಡೆ ಪಟ್ಟಿಗೆ ತಾನಾಗಿ ಬರುವುದು 'ಮೀಡಿಯಾ', 'ರನ್' ಒಳಗಿನ 'ಮೀಡಿಯಾ', ನಿಮ್ಮ ಹೋಮ್ ಫೋಲ್ಡರ್, ಇಂಥ ಕಡೆ ಕೂತದ್ದು. ಎಂಎನ್‌ಟಿಯಲ್ಲಿದ್ದರೆ ಅದು ಸಿಸ್ಟಮ್ಮಿನ ಸ್ವಂತ ಕೆಲಸ ಅಂದುಕೊಂಡು ಬಿಟ್ಟುಬಿಡುತ್ತದೆ. ಡಿಸ್ಕ್ಸ್ ಪ್ರೋಗ್ರಾಮಿನಲ್ಲಿ ಬೀಗ ತೆಗೆದ ಒಳಗಿನ ಪಟ್ಟೆ ಆರಿಸಿ, ಗೇರ್ ಚಿತ್ರ ಒತ್ತಿ, 'ಎಡಿಟ್ ಮೌಂಟ್ ಆಪ್ಶನ್ಸ್'ಗೆ ಹೋಗಿ 'ಶೋ ಇನ್ ಯೂಸರ್ ಇಂಟರ್‌ಫೇಸ್' ಟಿಕ್ ಮಾಡಿ. ಕೈಯಲ್ಲೇ ಬರೆಯುವುದಾದರೆ ಆಪ್ಶನ್ ಸಾಲಿಗೆ 'ಎಕ್ಸ್-ಜಿವಿಎಫ್‌ಎಸ್-ಶೋ' ಸೇರಿಸಿದರೆ ಆಯಿತು. ಜೊತೆಗೆ 'ನೋಫೇಲ್' ಕೂಡ ಹಾಕಿ. ಇಲ್ಲದಿದ್ದರೆ ಡಿಸ್ಕ್ ಮನೆಯಲ್ಲಿ ಬಿಟ್ಟು ಲ್ಯಾಪ್‌ಟಾಪ್ ಆನ್ ಮಾಡಿದ ದಿನ ಅದು ಒಂದೂವರೆ ನಿಮಿಷ ಆ ಡಿಸ್ಕಿಗೆ ಕಾದು, ಆಮೇಲೆ ಎಮರ್ಜೆನ್ಸಿ ಮೋಡಿಗೆ ಹೋಗಿ ಕೂರುತ್ತದೆ. ಪಟ್ಟಿಗೆ ಬಂದಮೇಲೂ ಫೈಲ್ ಸೇರಿಸಲು ಬಿಡದಿದ್ದರೆ ಆ ಫೋಲ್ಡರ್ ರೂಟ್ (ಸಿಸ್ಟಮ್ಮಿನ ಅಡ್ಮಿನಿಸ್ಟ್ರೇಟರ್) ಹೆಸರಿನಲ್ಲಿದೆ ಅಂತ ಅರ್ಥ, ಒಡೆತನ ನಿಮ್ಮ ಹೆಸರಿಗೆ ಬದಲಿಸಿ.

ಭಾವ, ಕೆಲಸ ಮುಗಿದ ಮೇಲೆ ವೆರಾಕ್ರಿಪ್ಟಿನಲ್ಲಿ 'ಡಿಸ್‌ಮೌಂಟ್' ಒತ್ತಿಯೇ ಕೇಬಲ್ ಕೀಳಿ. ಹೊಸ ಆವೃತ್ತಿಯಲ್ಲಿ ಅದು 'ಅನ್‌ಮೌಂಟ್' ಅಂತ ಕಾಣಬಹುದು. ಡಿಸ್ಕ್ಸಿನಲ್ಲಿ ಏನು ಕಾಣುತ್ತದೆ ಅಂತ ಒಂದು ಫೋಟೋ ಹೊಡೆದು ಇಲ್ಲಿ ಹಾಕಿ, ಪಾಸ್‌ವರ್ಡ್ ಬರೆದ ಡೈರಿ ಪುಟ ಅದರಲ್ಲಿ ಬೀಳದ ಹಾಗೆ. ಸಂಜೆ ಕರೆಂಟ್ ಇದ್ದರೆ ನೋಡುತ್ತೇನೆ.