ಸಂಕೋಚದ ಸ್ವಭಾವದವರಿಗೆ ಅಮೆರಿಕದ ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜು ಸರಿಹೋಗುತ್ತಾ?

ದಾವಣಗೆರೆಯಲ್ಲಿ ಸೆಕೆಂಡ್ ಪಿಯುಸಿ, ಕ್ಲಾಸಿನಲ್ಲಿ ಬಾಯಿ ಬಿಡದ ಸ್ವಭಾವ, ಹಾಗಾಗಿ ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜೇ (ಕಲೆ, ವಿಜ್ಞಾನ ಎಲ್ಲಾ ಒಟ್ಟಿಗೆ ಕಲಿಸುವ, ಮುಖ್ಯವಾಗಿ ಡಿಗ್ರಿ ಮಕ್ಕಳಿಗೇ ಇರುವ ಕಾಲೇಜು) ವಾಸಿ ಅನಿಸುತ್ತಿದೆ ಎಂದು ಬರೆದಿದ್ದೀರಿ. ಚಿತ್ರದುರ್ಗದಿಂದ ಹೊರಟಾಗ ನನ್ನ ಲೆಕ್ಕವೂ ಇದೇ ಆಗಿತ್ತು.

ನನಗೆ ಕಲ್ಲಿನ ಹುಚ್ಚು. ಐಮಂಗಲದ ಹತ್ತಿರ ಮರಡಿಹಳ್ಳಿ ಇದೆಯಲ್ಲ, ಅಲ್ಲಿ ದಿಂಬು ಒಟ್ಟಿದ ಹಾಗೆ ಕಾಣುವ ಬಂಡೆಗಳಿವೆ. ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನಡಿ ಉಕ್ಕಿದ ಲಾವಾ ಆ ಆಕಾರದಲ್ಲಿ ಗಟ್ಟಿಯಾಗಿದೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಣೆಯೂ ಆಗಿದೆ. ಹೈಸ್ಕೂಲಿನಲ್ಲಿ ಅದನ್ನು ನೋಡಿದ ಮೇಲೆ ಜಿಯಾಲಜಿ ಬಿಟ್ಟು ಬೇರೇನೂ ಓದಲ್ಲ ಅಂತ ಹಟ ಹಿಡಿದೆ. "ಕಲ್ಲು ನೋಡೋಕೆ ಅಮೆರಿಕಕ್ಕೆ ಯಾಕ್ ಹೋಗ್ಬೇಕು, ಕೋಟೆ ಹತ್ತಿದ್ರೆ ಸಾಲ್ದಾ?" ಅಂತ ದೊಡ್ಡಪ್ಪ ಕೇಳಿದ್ದು ನಮ್ಮ ಮನೆಯಲ್ಲಿ ಇವತ್ತಿಗೂ ಜೋಕು.

ಸಂಕೋಚದ ವಿಷಯ ಮೊದಲು ಮುಗಿಸಿಬಿಡುತ್ತೇನೆ. ನೀವು ಅಂದುಕೊಂಡದ್ದು ಪೂರ್ತಿ ಉಲ್ಟಾ. ಪಿಯುಸಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಎರಡು ವರ್ಷ ಒಂದು ಮಾತಾಡದೆ ಪಾಸಾಗಬಹುದು. ಅಮೆರಿಕದ ಸಣ್ಣ ಕಾಲೇಜಿನಲ್ಲಿ ಒಂದೇ ಮೇಜಿನ ಸುತ್ತ ಹತ್ತು ಹನ್ನೆರಡು ಜನ. ಕೊಟ್ಟ ಪಾಠ ಓದಿಕೊಂಡು ಹೋಗದಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಮಾತಾಡಿದ್ದಕ್ಕೇ ಮಾರ್ಕ್ಸು ಇರುತ್ತದೆ. ಯಾರ ಕಣ್ಣಿಗೂ ಬೀಳಬಾರದು ಅಂತಿದ್ದರೆ ಮೂವತ್ತು ಸಾವಿರ ಮಕ್ಕಳಿರುವ ಸ್ಟೇಟ್ ಯೂನಿವರ್ಸಿಟಿಗೆ ಹೋಗಿ. ನನಗೆ ಕ್ರಮೇಣ ಮಾತು ಬಂತು ನಿಜ, ಆದರೆ ಮೊದಲ ಸೆಮಿಸ್ಟರ್ ಪೂರ್ತಿ ಹೊಟ್ಟೆಯಲ್ಲಿ ತಳಮಳ. ಮೇಷ್ಟ್ರುಗಳು ಮನೆಗೆ ಊಟಕ್ಕೆ ಕರೆಯುತ್ತಿದ್ದರು. ಹೆಸರು ಹಿಡಿದೇ ಕರಿ ಅನ್ನುತ್ತಿದ್ದರು. ನನ್ನ ಬಾಯಿಗೆ ಕೊನೆಯವರೆಗೂ ಅದು ಬರಲಿಲ್ಲ.

ಈಗ ನಾನು ಎಡವಿದ್ದು ಎಲ್ಲಿ ಅಂತ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಕಾಲೇಜು ಆರಿಸುವಾಗ ನಾನು ನೋಡಿದ್ದು ಕ್ಯಾಟಲಾಗ್. ಜಿಯಾಲಜಿಯಲ್ಲಿ ಎರಡು ಪುಟ ಕೋರ್ಸುಗಳು. ಮಿನರಾಲಜಿ, ಪೆಟ್ರಾಲಜಿ, ಸ್ಟ್ರಕ್ಚರಲ್ ಜಿಯಾಲಜಿ, ಎಲ್ಲಾ ಇತ್ತು. ಇನ್ನೇನು ಬೇಕು ಅಂದುಕೊಂಡೆ. ಕ್ಯಾಟಲಾಗ್ ಅಂದರೆ ಆ ಕಾಲೇಜು ಯಾವತ್ತಾದರೂ ಕಲಿಸಬಹುದಾದ ಕೋರ್ಸುಗಳ ಪಟ್ಟಿ ಅಷ್ಟೇ. ಈ ವರ್ಷ ನಡೆಯುತ್ತದೆ ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ. ನಿಜವಾಗಿ ನಡೆಯುವುದು ಏನು ಅಂತ ಹೇಳುವುದು ಪ್ರತಿ ಸೆಮಿಸ್ಟರಿನ ವೇಳಾಪಟ್ಟಿ. ಅದನ್ನು ನಾನು ತೆರೆದೇ ನೋಡಿರಲಿಲ್ಲ. ಕ್ಲಾಸಿನಲ್ಲಿ ಮಕ್ಕಳು ಎಷ್ಟು ಅಂತ ಕೇಳಿದ್ದೆ, ವಿಭಾಗದಲ್ಲಿ ಮೇಷ್ಟ್ರು ಎಷ್ಟು ಅಂತ ಕೇಳಿರಲಿಲ್ಲ.

ಇದ್ದದ್ದು ಮೂರು ಜನ. ನಾನು ಎರಡನೇ ವರ್ಷದ ಕೊನೆಗೆ ಜಿಯಾಲಜಿ ಮೇಜರ್, ಅಂದರೆ ಡಿಗ್ರಿಯ ಮುಖ್ಯ ವಿಷಯ, ಅಂತ ಬರೆದುಕೊಟ್ಟೆ. ಅದೇ ಬೇಸಿಗೆಯಲ್ಲಿ ಒಬ್ಬರು ನಿವೃತ್ತರಾದರು. ಆ ಜಾಗ ತುಂಬಲಿಲ್ಲ. ಇನ್ನೊಬ್ಬರಿಗೆ ಸಬ್ಯಾಟಿಕಲ್, ಅಂದರೆ ಕೆಲವು ವರ್ಷ ಪಾಠ ಮಾಡಿದ ಮೇಲೆ ಸಂಶೋಧನೆಗೆ ಸಿಗುವ ರಜೆ. ಅವರದ್ದೇನೂ ತಪ್ಪಿಲ್ಲ, ಸಿಗಬೇಕಾದದ್ದೇ. ಒಂದು ವರ್ಷದ ಮಟ್ಟಿಗೆ ಬಂದ ಮೇಷ್ಟ್ರಿಗೆ ಗೊತ್ತಿದ್ದದ್ದು ಹಿಮನದಿಗಳ ವಿಷಯ, ಅದನ್ನೇ ಕಲಿಸಿದರು. ಸ್ಟ್ರಕ್ಚರಲ್ ಜಿಯಾಲಜಿ, ಅಂದರೆ ಬಂಡೆಗಳು ಮಡಿಚಿ ಮುರಿದ ಬಗೆಯ ಪಾಠ, ನಾನಿರುವವರೆಗೂ ನಡೆಯಲೇ ಇಲ್ಲ. ಆ ಕೋರ್ಸ್ ಇಲ್ಲದೆ ನಾನು ಕೇಳಿದ ಫೀಲ್ಡ್ ಕ್ಯಾಂಪಿನವರು (ಹೊರಗೆ ಬಂಡೆಗಳ ಮಧ್ಯೆಯೇ ಕೆಲಸ ಕಲಿಸುವ ಶಿಬಿರ) ಸೇರಿಸಿಕೊಳ್ಳಲಿಲ್ಲ. ಕ್ಯಾಂಪ್ ಇಲ್ಲದೆ ಪಿಎಚ್‌ಡಿ ಅರ್ಜಿ ಸಪ್ಪೆ. ಇನ್ನೊಂದು ವರ್ಷ ಇದ್ದು ಓದೋಣ ಅಂದರೆ ನನ್ನ ಸ್ಕಾಲರ್‌ಶಿಪ್ ಎಂಟು ಸೆಮಿಸ್ಟರಿಗೆ ಮಾತ್ರ. ಡಿಗ್ರಿ ತಗೊಂಡು, ಬೇರೆ ದೊಡ್ಡ ಯೂನಿವರ್ಸಿಟಿಯಲ್ಲಿ ಕೈಯಿಂದ ದುಡ್ಡು ಕಟ್ಟಿ ಅವೇ ಕೋರ್ಸ್ ಓದಿದೆ. ಅಪ್ಪ ಒಂದು ಸೈಟು ಮಾರಿದರು. ಈ ವಿಷಯ ದೊಡ್ಡಪ್ಪನಿಗೆ ಇನ್ನೂ ಹೇಳಿಲ್ಲ.

ಆದ್ದರಿಂದ ಸಣ್ಣದಾ ದೊಡ್ಡದಾ ಅಂತ ಯೋಚಿಸುವುದನ್ನು ಬಿಡಿ. ನಿಮಗೆ ಇಷ್ಟವಾದ ಕಾಲೇಜಿನ ಕಳೆದ ನಾಲ್ಕು ವರ್ಷದ ವೇಳಾಪಟ್ಟಿ ಹುಡುಕಿ. ಕಾಲೇಜಿನ ವೆಬ್‌ಸೈಟಿನ ರಿಜಿಸ್ಟ್ರಾರ್ ಪುಟದಲ್ಲಿ ಸಾಮಾನ್ಯವಾಗಿ ಇರುತ್ತದೆ. ಮೇಲಿನ ಹಂತದ ಕೋರ್ಸುಗಳು ಎಷ್ಟು ಸಲ ನಡೆದಿವೆ, ಯಾರು ಕಲಿಸಿದ್ದಾರೆ ಎಣಿಸಿ. ಹೆಸರಿನ ಮುಂದೆ 'ವಿಸಿಟಿಂಗ್' (ತಾತ್ಕಾಲಿಕವಾಗಿ ಬಂದವರು) ಅಂತ ಇದ್ದರೆ ಅವರು ನಾಳೆ ಇರುತ್ತಾರೆ ಅಂತ ನಂಬಬೇಡಿ. ಅರ್ಥಶಾಸ್ತ್ರ ಇಷ್ಟ ಅಂದಿದ್ದೀರಿ, ಹಾಗಾದರೆ ನನ್ನಷ್ಟು ಭಯ ಬೇಡ. ಇಂಥ ಕಾಲೇಜುಗಳಲ್ಲಿ ಅದು ಸಾಮಾನ್ಯವಾಗಿ ದೊಡ್ಡ ವಿಭಾಗವೇ. ಆಮೇಲೆ ಮನಸ್ಸು ಬದಲಾಗಿ ಖಗೋಳವಿಜ್ಞಾನ ಅಂದರೆ ಕಷ್ಟ.

ಅಕ್ಕಪಕ್ಕದ ಕಾಲೇಜುಗಳ ಜೊತೆ ಒಪ್ಪಂದ ಇರುವ ಕಡೆ ಈ ತೊಂದರೆ ಎಷ್ಟೋ ಕಡಿಮೆ. ಮ್ಯಾಸಚೂಸೆಟ್ಸ್‌ನಲ್ಲಿ ಆಮ್ಹರ್ಸ್ಟ್, ಸ್ಮಿತ್, ಮೌಂಟ್ ಹೋಲಿಯೋಕ್, ಹ್ಯಾಂಪ್‌ಶೈರ್ ಕಾಲೇಜುಗಳೂ ಅಲ್ಲಿನ ದೊಡ್ಡ ಸ್ಟೇಟ್ ಯೂನಿವರ್ಸಿಟಿಯೂ ಸೇರಿ ಐದು ಕಡೆ ಒಂದು ಕೂಟ ಮಾಡಿಕೊಂಡಿದ್ದವು, ಒಂದರಲ್ಲಿ ಸೇರಿದವರು ಇನ್ನೊಂದರಲ್ಲಿ ಕೋರ್ಸ್ ತಗೋಬಹುದಿತ್ತು. ಕ್ಯಾಲಿಫೋರ್ನಿಯಾದ ಕ್ಲೇರ್‌ಮಾಂಟ್ ಕಾಲೇಜುಗಳಲ್ಲೂ ಇದೇ ಪದ್ಧತಿ. ನನ್ನ ಕಾಲೇಜಿನ ಸುತ್ತ ಇದ್ದದ್ದು ಬರೀ ಜೋಳದ ಹೊಲ.

ಮನೆಯವರು ದಾವಣಗೆರೆಯ ಬಿಐಇಟಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಸಾಕು ಅಂತಿದ್ದಾರೆ, ಏನ್ ಮಾಡ್ಲಿ ಅಂತಲೂ ಕೇಳಿದ್ದೀರಿ. ಎಂಜಿನಿಯರಿಂಗ್ ಇಷ್ಟ ಇಲ್ಲ ಅಂತ ನೀವೇ ಬರೆದ ಮೇಲೆ ಅದರಲ್ಲಿ ತೂಗಿ ನೋಡುವುದು ಏನೂ ಇಲ್ಲ. ವೇಳಾಪಟ್ಟಿ ಸಿಗದಿದ್ದರೆ ವಿಭಾಗಕ್ಕೆ ಮೇಲ್ ಮಾಡಿ, ಮುಂದಿನ ಎರಡು ವರ್ಷ ಯಾರಿಗೆ ರಜೆ ಇದೆ ಅಂತಲೂ ಕೇಳಿ. ಉತ್ತರ ಬಂದ ಮೇಲೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.