ಮಗಳ ಎಚ್-ಇಂಡೆಕ್ಸ್ 9, ಕಮ್ಮಿ ಆಯ್ತಾ?

ಪ್ರಶ್ನೆ: ಸರ್, ನನ್ನ ಮಗಳು ಮೆದುಳಿನ ಮೇಲೆ ಸಂಶೋಧನೆ ಮಾಡುತ್ತಾಳೆ. ಮೊದಲ ಪೇಪರ್ ಬಂದು 7 ವರ್ಷ. ಈಗ 13 ಪೇಪರ್, 201 ಸೈಟೇಷನ್, ಎಚ್-ಇಂಡೆಕ್ಸ್ 9. ನಮ್ಮಣ್ಣನ ಮಗ ಅಮೆರಿಕದಲ್ಲಿ ಅದೇ ಕೆಲಸದಲ್ಲಿದ್ದಾನೆ, ಅವನದು 31 ಅಂತೆ. ಮೊನ್ನೆ ಮದುವೆ ಮನೆಯಲ್ಲಿ ಅತ್ತಿಗೆ ಎಲ್ಲರೆದುರು "ನಿಮ್ಮ ಹುಡುಗೀದು ಇನ್ನೂ ಒಂಬತ್ತೇನಾ?" ಅಂದುಬಿಟ್ಟರು. ಏನಿದು ಒಂಬತ್ತು? ಅವಳು ಹಿಂದೆ ಬಿದ್ದಿದ್ದಾಳಾ? ಗಂಡು ನೋಡುತ್ತಿದ್ದೇವೆ, ಬಯೋಡೇಟಾದಲ್ಲಿ ಇದನ್ನೂ ಹಾಕಬೇಕಾ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಅಮ್ಮಾ, ಮೊದಲು ಅತ್ತಿಗೆಯ ಮಾತನ್ನು ಪಕ್ಕಕ್ಕಿಡಿ. ನಾನು ದಾವಣಗೆರೆಯ ಕಾಲೇಜೊಂದರ ಲೈಬ್ರರಿಯಲ್ಲಿ 28 ವರ್ಷ ಕೂತಿದ್ದವನು. ಈ ಲೆಕ್ಕ ಕೇಳಿಕೊಂಡು ಬಂದವರನ್ನು ಬೇಕಾದಷ್ಟು ನೋಡಿದ್ದೇನೆ.

ಒಬ್ಬರ ಪೇಪರನ್ನು, ಅಂದರೆ ಅಚ್ಚಾದ ಸಂಶೋಧನಾ ಲೇಖನವನ್ನು, ಇನ್ನೊಬ್ಬರು ತಮ್ಮ ಪೇಪರಿನಲ್ಲಿ ಹೆಸರಿಸಿದರೆ ಅದು ಒಂದು ಸೈಟೇಷನ್. ಮಗಳ ಪೇಪರುಗಳನ್ನು ಹೆಚ್ಚು ಸೈಟೇಷನ್ ಬಂದದ್ದರಿಂದ ಶುರು ಮಾಡಿ ಸಾಲಾಗಿ ಬರೆಯಿರಿ. 61, 40, 22, 15, 12, 11, 10, 9, 9, 7, 4, 1, 0 ಅಂತಿದೆ ಅಂದುಕೊಳ್ಳಿ. ಒಟ್ಟು 201. ಒಂಬತ್ತನೇ ಪೇಪರಿಗೆ 9 ಇದೆ, ಸರಿ. ಹತ್ತನೆಯದಕ್ಕೆ ಹತ್ತು ಬೇಕಿತ್ತು, ಇರುವುದು 7. ಕನಿಷ್ಠ ಒಂಬತ್ತು ಸೈಟೇಷನ್ ಇರುವ ಪೇಪರ್ ಒಂಬತ್ತು, ಅಲ್ಲಿಗೆ ನಿಂತಿತು. ಎಚ್-ಇಂಡೆಕ್ಸ್ 9. ಇಷ್ಟೇ. ಮೊದಲನೆಯದಕ್ಕೆ 61ರ ಬದಲು 6,000 ಬಂದಿದ್ದರೂ 9 ಒಂಬತ್ತಾಗಿಯೇ ಇರುತ್ತಿತ್ತು.

ಇದನ್ನು ಕಂಡುಹಿಡಿದವರು ಹಾರ್ಹೆ ಹಿರ್ಷ್ ಅನ್ನೋ ಭೌತವಿಜ್ಞಾನಿ, 2005ರಲ್ಲಿ. 20 ವರ್ಷ ದುಡಿದವರಿಗೆ 20 ಇದ್ದರೆ ಯಶಸ್ವಿ ಅಂತ ಅವರೇ ಬರೆದಿದ್ದರು. ಅದು ಭೌತವಿಜ್ಞಾನಿಗಳ ಲೆಕ್ಕ. ಜೀವವಿಜ್ಞಾನದಲ್ಲಿ ಸಂಖ್ಯೆ ಜಾಸ್ತಿ ಬರುತ್ತದೆ, ಹಾಗಾಗಿ ಅದನ್ನೇ ಹಿಡಿದು ಕುಣಿಯಬೇಡಿ. ಆದರೂ 7 ವರ್ಷಕ್ಕೆ 9 ಬಂದಿದ್ದರೆ ಮುಖ ಸಣ್ಣ ಮಾಡಿಕೊಳ್ಳುವಂಥದ್ದೇನಿಲ್ಲ. ಅಣ್ಣನ ಮಗ ಎಷ್ಟು ವರ್ಷದಿಂದ ಬರೆಯುತ್ತಿದ್ದಾನೆ ಅಂತ ಅತ್ತಿಗೆ ಹೇಳಲಿಲ್ಲ, ಅಲ್ವಾ? ಈ ಸಂಖ್ಯೆ ಏರುತ್ತದೆ, ಇಳಿಯುವುದಿಲ್ಲ. ಕೆಲಸ ಬಿಟ್ಟು ಮನೆಯಲ್ಲಿ ಕೂತರೂ ಹಳೇ ಪೇಪರುಗಳಿಂದ ಏರುತ್ತಲೇ ಇರಬಹುದು. ಆ 31 ಎಲ್ಲಿ ನೋಡಿದ್ದು ಅಂತಲೂ ಕೇಳಿ. ಸೈಟೇಷನ್ ಎಣಿಸುವ ಜಾಲತಾಣಗಳು ಬೇರೆ ಬೇರೆ ಇವೆ. ಗೂಗಲ್ ಸ್ಕಾಲರ್ ಥೀಸಿಸ್ಸನ್ನೂ ಎಣಿಸುತ್ತದೆ, ಸ್ಕೋಪಸ್‌ನವರು ಆರಿಸಿದ ಜರ್ನಲ್‌ಗಳನ್ನೇ ಹೆಚ್ಚಾಗಿ ಎಣಿಸುತ್ತಾರೆ. ಒಬ್ಬರಿಗೇ ಎರಡು ಕಡೆ ಎರಡು ಸಂಖ್ಯೆ.

ಬೆಂಗಳೂರಿಗೆ ಹೋದರೆ ಗಲ್ಲಿಗಲ್ಲಿಯಲ್ಲಿ 'ದಾವಣಗೆರೆ ಬೆಣ್ಣೆ ದೋಸೆ' ಬೋರ್ಡು. ನಮ್ಮೂರ ಹೆಸರು ಎಷ್ಟು ಕಡೆ ಬರೆದಿದ್ದಾರೆ ಅಂತ ಎಣಿಸಬಹುದು. ಒಳಗೆ ಕೊಡುವ ದೋಸೆ ನೋಡಿದರೆ ಕೆಲವು ಕಡೆ ಕಣ್ಣಲ್ಲಿ ನೀರು ಬರುತ್ತದೆ. ಸೈಟೇಷನ್ನೂ ಹಾಗೇ. ಹೊಗಳಿ ಹೆಸರಿಸಿದರೂ ಒಂದು, ಇದು ತಪ್ಪು ಅಂತ ಬೈದು ಹೆಸರಿಸಿದರೂ ಒಂದು.

ಪ್ರೋಟೀನ್ ಅಳೆಯುವ ವಿಧಾನದ ಬಗ್ಗೆ ಆಲಿವರ್ ಲೌರಿ ಮತ್ತು ಜೊತೆಯವರು 1951ರಲ್ಲಿ ಒಂದು ಪೇಪರ್ ಬರೆದರು. 2014ರ ಹೊತ್ತಿಗೆ ಅದಕ್ಕೆ 3 ಲಕ್ಷಕ್ಕೂ ಜಾಸ್ತಿ ಸೈಟೇಷನ್, ಜಗತ್ತಿಗೇ ಮೊದಲು. ಲೌರಿ ಮೆದುಳಿನ ರಸಾಯನದಲ್ಲೂ ಕೆಲಸ ಮಾಡಿದವರು. ಅದೇನು ಅಂಥ ದೊಡ್ಡ ಪೇಪರ್ ಅಲ್ಲ ಅಂತ ಅವರೇ ಹೇಳಿಕೊಂಡಿದ್ದರು. ಎಲ್ಲರಿಗೂ ಬೇಕಾದ ವಿಧಾನ, ಹಾಗಾಗಿ ಎಲ್ಲರೂ ಹೆಸರಿಸಿದರು. ಇನ್ನೊಂದು ಕಡೆ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಅನ್ನೋ ವಿಜ್ಞಾನಿಗಳು. ಮಂಗಳೂರಿನವರು ಬೊಂಡಾಸ್ ಅನ್ನುವ ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರದೆಳೆಯಲ್ಲಿ ವಿದ್ಯುತ್ ಹೇಗೆ ಓಡುತ್ತದೆ ಅಂತ ತೋರಿಸಿದರು. 1952ರಲ್ಲಿ ಐದು ಪೇಪರ್, 1963ರಲ್ಲಿ ನೊಬೆಲ್. ಬರೀ ಆ ಐದನ್ನು ಹಿಡಿದರೆ ಎಚ್-ಇಂಡೆಕ್ಸ್ ಐದನ್ನು ದಾಟುವುದೇ ಇಲ್ಲ!

ಇನ್ನು ಸ್ವಂತ ಸೈಟೇಷನ್ ಅಂತ ಒಂದಿದೆ. ಬಡ್ತಿಗೆ ಅರ್ಜಿ ಹಾಕಿದ್ದ ಡಾಕ್ಟರೊಬ್ಬರು "ನನ್ನ ಸೈಟೇಷನ್ ಎಣಿಸಿ ಕೊಡ್ರಿ" ಅಂತ ನನ್ನ ಹತ್ತಿರ ಬಂದರು. ಮೂರು ಸಂಜೆ ಕೂತು ಪೆನ್ಸಿಲ್‌ನಲ್ಲಿ ಗೀಟು ಹಾಕಿದೆ. 27 ಸಿಕ್ಕವು. ಅದರಲ್ಲಿ 19 ಅವರೇ ತಮ್ಮ ಹಳೇ ಪೇಪರನ್ನು ಹೆಸರಿಸಿದ್ದು. ಮೊದಲನೆಯದರಲ್ಲಿ ಒಟ್ಟು 27, ಎರಡನೆಯದರಲ್ಲಿ ಸ್ವಂತದ್ದು ಕಳೆದು 8, ಹೀಗೆ ಎರಡು ಕಾಲಂ ಮಾಡಿ ಕೊಟ್ಟೆ. ಮೊದಲನೇ ಕಾಲಂ ಹರಿದುಕೊಂಡು ಹೋದರು. ಅಲ್ಲಿಯವರೆಗೆ ಸಂಜೆ ನನಗೂ ಮಂಡಕ್ಕಿ ಮೆಣಸಿನಕಾಯಿ ತರಿಸುತ್ತಿದ್ದರು, ಆಮೇಲೆ ಅದೂ ನಿಂತಿತು.

ನೀವು ಒಂದು ಕೆಲಸ ಮಾಡಿ. ರಾತ್ರಿ ಮಗಳು ಫೋನ್ ಮಾಡಿದಾಗ ಅತಿ ಹೆಚ್ಚು ಸೈಟೇಷನ್ ಬಂದ ಪೇಪರ್ ಯಾವುದರ ಬಗ್ಗೆ ಅಂತ ಕೇಳಿ. ಅದರಲ್ಲಿ ಅವಳ ಹೆಸರು ಎಷ್ಟನೆಯದು ಅಂತಲೂ ಕೇಳಿ. ಮೆದುಳಿನ ಸಂಶೋಧನೆಯಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಪ್ರಯೋಗ ಮಾಡಿ ಬೆವರು ಸುರಿಸಿದವರದು, ಕೊನೆಯ ಹೆಸರು ಲ್ಯಾಬ್ ಯಜಮಾನರದು. ನಡುವೆ ಹತ್ತಿಪ್ಪತ್ತು ಜನ ಇರಬಹುದು, ಅವರಿಗೂ ಎಚ್-ಇಂಡೆಕ್ಸ್‌ನಲ್ಲಿ ಅಷ್ಟೇ ಪಾಲು. ಅಣ್ಣನ ಮಗನ 31ರಲ್ಲಿ ಮೊದಲ ಹೆಸರು ಎಷ್ಟು ಅಂತ ಮುಂದಿನ ಮದುವೆಯಲ್ಲಿ ಸುಮ್ನೆ ಕೇಳಿ ನೋಡಿ.

ಬಯೋಡೇಟಾದಲ್ಲಿ ಮಾತ್ರ ಹಾಕಬೇಡಿ. ಗಂಡಿನ ಕಡೆಯವರು ಯಾವುದೋ ರಕ್ತಪರೀಕ್ಷೆಯ ರಿಪೋರ್ಟ್ ಅಂದುಕೊಂಡು, ನಾರ್ಮಲ್ ಎಷ್ಟು ಅಂತ ಕೇಳಿಯಾರು.