ಕಾಂಟ್ಯಾಕ್ಟ್ಸ್ ಇಲ್ಲದೆ ಸೆಲೆಬ್ರಿಟಿ ಮ್ಯಾನೇಜರ್ ಆಗಬಹುದಾ? ಆಗಬಹುದು, ಆದರೆ ಡೈರಿ ಬೇಕು

ಡಿಗ್ರಿ ಮುಗಿಸಿದ್ದೇನೆ, ಸ್ಟಾರ್‌ಗಳ ಮ್ಯಾನೇಜರ್ ಆಗಬೇಕು, ಇಂಡಸ್ಟ್ರಿಯಲ್ಲಿ ಯಾರೂ ಗೊತ್ತಿಲ್ಲ, ಯಾವ ಕೋರ್ಸ್ ಮಾಡಲಿ, ಮುಂಬೈಗೆ ಹೋಗಲಾ ಅಂತ ಕೇಳಿದ್ದೀರಿ. ನಾನೂ ಇದೇ ಪ್ರಶ್ನೆ ಇಟ್ಟುಕೊಂಡು ಗಾಂಧಿನಗರ ಸುತ್ತಿದ್ದೆ. ಕೊನೆಗೆ ರಾಜರಾಜೇಶ್ವರಿ ನಗರದ ಒಂದು ಧಾರಾವಾಹಿ ಯೂನಿಟ್‌ನಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಕೈಕೆಳಗೆ ಸೇರಿಕೊಂಡೆ. ಬೆಳಗ್ಗೆ ಕಲಾವಿದರಿಗೆ ಗಾಡಿ ಕಳಿಸುವುದು, ಸಂಜೆ ನಾಳೆಯ ಕಾಲ್‌ಶೀಟ್, ಅಂದರೆ ಯಾರು ಎಷ್ಟು ಹೊತ್ತಿಗೆ ಸೆಟ್‌ಗೆ ಬರಬೇಕು ಅಂತ, ಹೇಳುವುದು, ಇಷ್ಟೇ ಕೆಲಸ.

ಅಲ್ಲೇ ಒಬ್ಬ ನಟರು ಸಿಕ್ಕರು. ಧಾರಾವಾಹಿಯಲ್ಲಿ ಮುಖ್ಯ ಪಾತ್ರ, ಜೊತೆಗೆ ಸಿನಿಮಾದಲ್ಲೂ ಒಳ್ಳೆಯ ಪಾತ್ರಗಳು ಬರಲು ಶುರುವಾಗಿದ್ದವು. ಧಾರಾವಾಹಿ ಎಂದರೆ ದಿನಾ ಪ್ರಸಾರ ಆಗಬೇಕು, ಎಪಿಸೋಡ್ ಕೈಯಲ್ಲಿ ಇರಲೇಬೇಕು. ಸಕಲೇಶಪುರದಲ್ಲಿ ಮಳೆ ಬಂದು ಸಿನಿಮಾ ಶೆಡ್ಯೂಲ್ ಎರಡು ದಿನ ಮುಂದೆ ಹೋದರೆ ಬೆಂಗಳೂರಿನಲ್ಲಿ ಧಾರಾವಾಹಿ ಯೂನಿಟ್ ಸುಮ್ನೆ ಕೂರಬೇಕು. ಈ ಎರಡರ ನಡುವೆ ಫೋನ್ ಹಿಡಿದು ನಿಂತವನು ನಾನು. ಒಂದು ದಿನ ಅವರು, "ನನ್ನ ಡೇಟ್ಸ್ ಇನ್ಮೇಲೆ ನೀವೇ ನೋಡ್ಕೊಳ್ಳಿ" ಅಂದರು. ನನ್ನ ಅಪಾಯಿಂಟ್‌ಮೆಂಟ್ ಆರ್ಡರ್ ಅಷ್ಟೇ.

ಆಮೇಲೆ ಆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಾವ ಕೋರ್ಸ್‌ನಲ್ಲೂ ಇದನ್ನು ಹೇಳಿಕೊಡುವುದಿಲ್ಲ.

ಒಂದು ಸಿನಿಮಾಗೆ ಅವರು ತಿಂಗಳುಗಟ್ಟಲೆ ಗಡ್ಡ ಬಿಟ್ಟಿದ್ದರು. ಶೂಟಿಂಗ್ ಮುಗಿಯಿತು, ಸೆಟ್‌ನಲ್ಲಿ ಕುಂಬಳಕಾಯಿ ಒಡೆದರು, ಫೋಟೊ ಎಲ್ಲ ಕಡೆ ಬಂತು. ನಾನು ಡೈರಿಯಲ್ಲಿ ಆ ಸಿನಿಮಾದ ಹೆಸರಿಗೆ ಗೆರೆ ಎಳೆದೆ. ಅದೇ ವಾರ ಒಂದು ಬಟ್ಟೆ ಕಂಪನಿಯ ಜಾಹೀರಾತು ಬಂತು. ಒಳ್ಳೆಯ ದುಡ್ಡು, ಕ್ಲೀನ್ ಶೇವ್ ಬೇಕು. "ಶೇವ್ ಮಾಡಬಹುದಲ್ವಾ?" ಅಂತ ಅವರು ನನ್ನನ್ನೇ ಕೇಳಿದರು. "ಮಾಡಿ ಸರ್, ಸಿನಿಮಾ ಮುಗೀತಲ್ಲ" ಅಂದೆ.

ಜಾಹೀರಾತು ಶೂಟ್ ಆದ ಮೇಲೆ ಸಿನಿಮಾದ ಅಸೋಸಿಯೇಟ್ ಡೈರೆಕ್ಟರ್ ಫೋನ್ ಮಾಡಿದರು. ಎರಡು ದಿನ ಪ್ಯಾಚ್‌ವರ್ಕ್ (ಬಿಟ್ಟುಹೋದ ಶಾಟ್‌ಗಳ ಶೂಟಿಂಗ್) ಇದೆ, ಕ್ಲೈಮ್ಯಾಕ್ಸ್‌ನ ಕ್ಲೋಸಪ್‌ಗಳು ಬೇಕು ಅಂತ.

ಕುಂಬಳಕಾಯಿ ಒಡೆದರು ಎಂದರೆ ಚಿತ್ರೀಕರಣ ಮುಗಿಯಿತು ಅಂತ ಯೂನಿಟ್ ಸಂಭ್ರಮ ಪಟ್ಟಿತು, ಅಷ್ಟೇ. ಕಲಾವಿದರು ಬಿಡುಗಡೆ ಆದರು ಅಂತಲ್ಲ. ಎಡಿಟಿಂಗ್ ಟೇಬಲ್ ಮೇಲೆ ಕೂತಾಗಲೇ ಗೊತ್ತಾಗುವುದು, ಬಾಗಿಲು ತೆಗೆಯುವ ಶಾಟ್ ಇಲ್ಲ, ಎದುರಿನವರು ಮಾತಾಡುವಾಗ ಇವರ ರಿಯಾಕ್ಷನ್ ಇಲ್ಲ ಅಂತ. ಆಮೇಲೆ ಡಬ್ಬಿಂಗ್ ಇದೆ, ಪ್ರಮೋಷನ್ ಇದೆ. ನಾನು ಮಾಡಬೇಕಾಗಿದ್ದು ಅಸೋಸಿಯೇಟ್‌ಗೆ ಒಂದೇ ಒಂದು ಮೆಸೇಜ್: "ಪ್ಯಾಚ್‌ವರ್ಕ್ ಇದೆಯಾ, ಗೆಟಪ್ ಯಾವಾಗ ಬಿಡಬಹುದು?" ಉತ್ತರ ಬರಹದಲ್ಲಿ ಬರುವ ತನಕ ಬ್ಲೇಡ್ ಮುಟ್ಟಬಾರದಿತ್ತು. ಜಾಹೀರಾತಿನವರನ್ನು ಎರಡು ವಾರ ಕಾಯಿಸಬಹುದಿತ್ತು. ಗಡ್ಡ ಇಟ್ಟುಕೊಂಡೇ ಶೂಟ್ ಮಾಡ್ತೀರಾ ಅಂತಲೂ ಕೇಳಬಹುದಿತ್ತು. ನಾನು ಇನ್‌ಸ್ಟಾಗ್ರಾಂನಲ್ಲಿ ಬಂದ ಫೋಟೊ ನಂಬಿದೆ. ಧಾರಾವಾಹಿ ಯೂನಿಟ್‌ನಲ್ಲಿ ದಿನಾ ಕಂಟಿನ್ಯುಟಿ (ಒಂದು ಶಾಟ್‌ನಿಂದ ಇನ್ನೊಂದಕ್ಕೆ ವೇಷ ಬದಲಾಗದಂತೆ ಕಾಯುವುದು) ನೋಡಿದವನು, ಯಾವ ಸೀರೆಗೆ ಯಾವ ಬಳೆ ಅಂತ ಬರೆದಿಟ್ಟುಕೊಳ್ಳುವುದನ್ನು ನೋಡಿದವನು, ಹೀಗೆ ಮಾಡಿದೆ.

ಅಂಟಿಸುವ ಗಡ್ಡ ಹಾಕಿ ನೋಡಿದರು. ದವಡೆಯ ಕೆಳಗೆ ಗೋಂದಿನ ಅಂಚು ಎದ್ದು ಕಾಣುತ್ತಿತ್ತು, ಕ್ಲೋಸಪ್‌ಗೆ ಆಗಲಿಲ್ಲ. ಗಡ್ಡ ಬೆಳೆಯುವ ತನಕ ಎಲ್ಲರೂ ಕಾದರು. ಆ ನಷ್ಟಕ್ಕೆ ನಿರ್ಮಾಪಕರು ನಟರ ಬ್ಯಾಲೆನ್ಸ್ ಪೇಮೆಂಟ್‌ನಲ್ಲಿ ಹಣ ಹಿಡಿದರು. ನಟರು ನನಗೆ ಒಂದು ಮಾತೂ ಬೈಯಲಿಲ್ಲ. ಆದರೆ ನಿಧಾನಕ್ಕೆ ಅವರ ತಮ್ಮನೇ ಫೋನ್ ಎತ್ತಲು ಶುರು ಮಾಡಿದರು.

ನನ್ನ ಫೋನಿನಲ್ಲಿ ನಿರ್ದೇಶಕರ, ನಿರ್ಮಾಪಕರ, ಚಾನೆಲ್‌ನವರ ನಂಬರ್‌ಗಳೆಲ್ಲ ಹಾಗೇ ಇದ್ದವು. ಒಬ್ಬರೂ ಕರೆ ಮಾಡಲಿಲ್ಲ. ಅವರಿಗೆ ಬೇಕಿದ್ದದ್ದು ಆ ನಟರ ಡೇಟ್ಸ್, ನಾನಲ್ಲ. ಅದಕ್ಕೇ ಹೇಳುವುದು, ಕಾಂಟ್ಯಾಕ್ಟ್ಸ್ ಇಲ್ಲ ಅನ್ನುವುದು ನಿಮ್ಮ ಸಮಸ್ಯೆಯೇ ಅಲ್ಲ. ಅವು ಕಲಾವಿದರ ಜೊತೆ ಬರುತ್ತವೆ, ಕಲಾವಿದರ ಜೊತೆಗೇ ಹೋಗುತ್ತವೆ. ನಿಮ್ಮದು ಅಂತ ಉಳಿಯುವುದು ಡೇಟ್ಸ್ ಗೋಜಲಾಗದಂತೆ ನೋಡಿಕೊಳ್ಳುವ ಶಿಸ್ತು, ಲೆಕ್ಕ, "ಬೇಡ" ಅನ್ನುವ ಧೈರ್ಯ.

ಲೆಕ್ಕದ ವಿಷಯ ಬಿಕಾಂ ಓದಿದವರಿಗೂ ಸೆಟ್‌ನಲ್ಲಿ ಹೊಸದಾಗಿ ಕಾಣುತ್ತದೆ. ಒಂದು ಲಕ್ಷಕ್ಕೆ ಒಪ್ಪಿಕೊಂಡರೆ ಶೇ 10 ಟಿಡಿಎಸ್ (ದುಡ್ಡು ಕೊಡುವವರೇ ಮೊದಲು ಹಿಡಿದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಕಳೆದು 90 ಸಾವಿರ ಬರುತ್ತದೆ. ಜಿಎಸ್‌ಟಿ ನೋಂದಣಿ ಇದ್ದರೆ ಅದರ ಮೇಲೆ ಶೇ 18 ಬೇರೆ, ಅದು ಸರ್ಕಾರಕ್ಕೆ ಕಟ್ಟಬೇಕಾದ್ದು. "ನನ್ನ ಹತ್ತು ಸಾವಿರ ಎಲ್ಲಿ?" ಅಂತ ಕಲಾವಿದರು ಕೇಳಿದಾಗ ಉತ್ತರ ಇರಬೇಕು. ನಿಮ್ಮ ಕಮಿಷನ್, ಸಾಮಾನ್ಯವಾಗಿ ಶೇ 10ರಿಂದ 20, ಯಾವ ಮೊತ್ತದ ಮೇಲೆ ಅಂತ ಮೊದಲೇ ಬರೆದುಕೊಳ್ಳಿ. ಜಾಹೀರಾತು ಅಗ್ರಿಮೆಂಟ್‌ನಲ್ಲಿ ವಿಡಿಯೊ ಎಷ್ಟು ತಿಂಗಳು, ಯಾವ ಯಾವ ಮಾಧ್ಯಮದಲ್ಲಿ ಬಳಸುತ್ತಾರೆ ಅನ್ನುವ ಸಾಲನ್ನು ಓದದೆ ಸಹಿ ಹಾಕಿಸಬೇಡಿ.

"ಬೇಡ" ಅನ್ನುವುದು ಇನ್ನೂ ಮುಖ್ಯ. ಬೆಟ್ಟಿಂಗ್ ಆ್ಯಪ್‌ನವರು ಕೇಳಿದಷ್ಟು ಕೊಡುತ್ತೇವೆ ಅಂತ ಬರುತ್ತಾರೆ. 2025ರ ಆನ್‌ಲೈನ್ ಗೇಮಿಂಗ್ ಕಾನೂನಿನ ಪ್ರಕಾರ ಹಣ ಕಟ್ಟಿ ಆಡುವ ಆಟಗಳ ಜಾಹೀರಾತಿಗೆ 2 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ದಾರಿ ತಪ್ಪಿಸುವ ಜಾಹೀರಾತಿನಲ್ಲಿ ಮುಖ ತೋರಿಸಿದವರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲ ಸಲಕ್ಕೇ 10 ಲಕ್ಷದವರೆಗೆ ದಂಡ ಇದೆ. ಪೋಸ್ಟರ್‌ನಲ್ಲಿ ಇರುವುದು ಅವರ ಮುಖ. ಅದಕ್ಕೇ ಇಂಥ ಆಫರ್ ಅವರ ಕಿವಿಗೆ ಬೀಳುವ ಮೊದಲೇ ಕಾನೂನು ಏನು ಹೇಳುತ್ತದೆ ಅಂತ ನಿಮಗೆ ಗೊತ್ತಿರಬೇಕು.

ಇನ್ನು ದೊಡ್ಡ ಸ್ಟಾರ್ ಕನಸು. ದಯವಿಟ್ಟು ಬಿಡಿ. ದೊಡ್ಡ ಹೀರೊಗಳ ಡೇಟ್ಸ್ ಬಹುಪಾಲು ಮನೆಯವರ ಅಥವಾ ತುಂಬಾ ಹಳೆಯ ನಂಬಿಕಸ್ಥರ ಕೈಯಲ್ಲಿರುತ್ತದೆ. ಮ್ಯಾನೇಜರ್ ನಿಜಕ್ಕೂ ಬೇಕಾಗಿರುವುದು ಧಾರಾವಾಹಿ ನಟಿಗೆ, ಗಾಯಕರಿಗೆ, ರಿಯಾಲಿಟಿ ಶೋ ಮುಗಿಸಿ ಹೊರಬಂದವರಿಗೆ. ಶೋನಿಂದ ಹೊರಬಂದ ಮೊದಲ ಕೆಲವು ತಿಂಗಳು ಫೋನ್ ನಿಲ್ಲುವುದಿಲ್ಲ. ದಾವಣಗೆರೆಯಲ್ಲಿ ಅಂಗಡಿ ಉದ್ಘಾಟನೆ, ಕಾಲೇಜ್ ಫೆಸ್ಟ್, ನವೆಂಬರ್ ಬಂದರೆ ತಿಂಗಳು ಪೂರ್ತಿ ರಾಜ್ಯೋತ್ಸವ. ಎಲ್ಲಕ್ಕೂ ಹೂಂ ಅಂದು, ದುಡ್ಡು ಬಾಕಿ ಉಳಿಸಿಕೊಂಡು, ಸುಸ್ತಾಗಿ ಕೂರುತ್ತಾರೆ. ಅವರ ಡೈರಿ ನೀವು ಹಿಡಿಯಿರಿ. ಅರ್ಧ ದುಡ್ಡು ಡೇಟ್ ಕೊಡುವಾಗ, ಉಳಿದರ್ಧ ಬೆಂಗಳೂರಿನಿಂದ ಕಾರ್ ಹೊರಡುವ ಮೊದಲು. ಟೇಪ್ ಕತ್ತರಿಸಿದ ಮೇಲೆ ದುಡ್ಡು ಕೇಳಿದರೆ ಅಂಗಡಿಯವರು ಕಾಫಿ ಕೊಡುತ್ತಾರೆ, ಚೆಕ್ ಕೊಡುವುದಿಲ್ಲ.

ಮುಂಬೈಯ ಕಲೆಕ್ಟಿವ್ ಆರ್ಟಿಸ್ಟ್ಸ್ ನೆಟ್‌ವರ್ಕ್ ಥರದ ದೊಡ್ಡ ಏಜೆನ್ಸಿಗಳಲ್ಲಿ ಬ್ರ್ಯಾಂಡ್ ಒಪ್ಪಂದಗಳ ಕೆಲಸ ಚೆನ್ನಾಗಿ ಕಲಿಯಬಹುದು. ಆದರೆ ಕನ್ನಡದ ಕಲಾವಿದರ ಜೊತೆಗೇ ಕೆಲಸ ಮಾಡುವ ಆಸೆಯಿದ್ದರೆ ಮೊದಲು ಇಲ್ಲಿನ ಧಾರಾವಾಹಿ ಯೂನಿಟ್ ಒಂದರಲ್ಲಿ ಪ್ರೊಡಕ್ಷನ್ ಕೆಲಸ ಹಿಡಿಯಿರಿ. ಸಂಬಳ ಕಡಿಮೆ, ಬೆಳಗ್ಗೆ ಬೇಗ ಏಳಬೇಕು. ಅಸೋಸಿಯೇಟ್ ಡೈರೆಕ್ಟರ್‌ಗಳ ಜೊತೆ ಸ್ನೇಹ ಬೆಳೆಸಿ, ಹೀರೊಗಳ ಜೊತೆಗಲ್ಲ. ಯಾರ ಕಂಟಿನ್ಯುಟಿ ಬಾಕಿ ಇದೆ ಅಂತ ಗೊತ್ತಿರುವುದು ಅಸೋಸಿಯೇಟ್‌ಗಳಿಗೇ.